ಪಾಯಿಂಟಿನಿಂದ ಬಂದ ಇಳಕಲ್ ಸೀರೆ

ಬಸುರಿ ಮೊಮ್ಮಗಳ ಕುಬಸಕ್ಕೆ ಹಸಿರು ಇಳಕಲ್ ಸೀರೆ ಉಡಿಸಿದವಳು ನಾನು. ಗಂಡನ ರೊಕ್ಕದಿಂದಲ್ಲ, ಮಗನ ರೊಕ್ಕದಿಂದಲ್ಲ, ಅಂಗಡಿಯ ಪಾಯಿಂಟಿನಿಂದ. ನಾನು ಸಾಲೆ ಬಿಟ್ಟದ್ದು ನಾಲ್ಕನೇ ಇಯತ್ತೆಗೆ. ಇದನ್ನು ಹೇಗೆ ಮಾಡಿದೆ ಎಂದು ಕೇಳುವವರು ಬಹಳ ಮಂದಿ, ಅದಕ್ಕೇ ಬರೆಯುತ್ತಿದ್ದೇನೆ.

ನವನಗರದಲ್ಲಿ ನಮ್ಮ ಮನೆಯ ಹತ್ತಿರ ದೊಡ್ಡದೊಂದು ಕಿರಾಣಿ ಅಂಗಡಿ ಆಯಿತು. ಬಿಲ್ ಮಾಡುವಾಗ ಮೊಬೈಲ್ ನಂಬರ್ ಹೇಳಿದರೆ ಪಾಯಿಂಟ್ ಕೂಡುತ್ತವೆ, ಮುಂದೆ ಅವುಗಳ ಮೇಲೆಯೇ ಸಾಮಾನು ಒಯ್ಯಬಹುದು ಎಂದರು. ಮೊದಲ ದಿನ ನಮ್ಮ ಮನೆಯವರೂ ಬಂದಿದ್ದರು. ನಂಬರ್ ನನ್ನದು ಕೊಟ್ಟು ಹೆಸರು ತಮ್ಮದು ಬರೆಸಿದರು. ಆಮೇಲೆ ಆ ಕಡೆ ಹಾಯಲಿಲ್ಲ.

ನಾನು ಬಿಡಲಿಲ್ಲ. ಎಣ್ಣೆ, ಬೇಳೆ, ಸಕ್ಕರೆ ಹೇಗೂ ತರಲೇಬೇಕು. ಪಕ್ಕದ ಮನೆಯವರಿಗೆ ನಂಬರ್ ಹೇಳಲು ಬೇಸರ, ಅವರ ಬಿಲ್ಲಿಗೂ ನನ್ನ ನಂಬರನ್ನೇ ಹೇಳಿಸಿದೆ. ಆದರೆ ಪಾಯಿಂಟಿನ ಆಸೆಗೆ ಬೇಡದ ಬಿಸ್ಕೀಟು ಒಂದನ್ನೂ ತರಲಿಲ್ಲ. ಹಾಗೆ ತಂದರೆ ಗೆದ್ದವನು ಅಂಗಡಿಯವನು.

“ಯವ್ವಾ, ನಿನ್ನ ಪಾಯಿಂಟ್ ಬ್ಯಾಂಕಿನ್ಯಾಗ ಇಡೂಣೇನು?” ಎಂದು ಮಗ ನಗುತ್ತಿದ್ದ.

“ನಗು, ನಗು. ನಿನ್ನ ಪಗಾರದಾಗ ಉಳಿದದ್ದೇನೈತಿ, ತೋರಸು,” ಎಂದೆ.

ಹೀಗೇ ವರ್ಷಗಳು ಹೋದವು. ಕುಳಗೇರಿ ಕ್ರಾಸಿಗೆ ಕೊಟ್ಟ ಮೊಮ್ಮಗಳು ಬಸುರಿಯಾದಳು. ಕುಬಸಕ್ಕೆ ತವರಿನ ಸೀರೆ ಒಯ್ಯಬೇಕು. ಸೊಸೆ ಹೇಳಿದಳು: “ಅತ್ತ್ಯಾರ, ಮಗ್ಗದ್ದು ಭಾಳ ತುಟ್ಟಿ. ಮಷಿನ್ ಸೀರಿ ಸಾಕಲ್ರಿ.”

“ನನ್ನ ಕುಬಸಕ್ಕ ನಮ್ಮವ್ವ ಮಗ್ಗದ್ದು ಉಡಿಸಿದ್ಲು. ಇಕಿಗೂ ಮಗ್ಗದ್ದ. ನಾ ತರ್ತೇನಿ.”

“ಯಾವ ರೊಕ್ಕದ ಮ್ಯಾಲ್ರೀ?”

ಎಲ್ಲರೂ ಕುಳಿತಿದ್ದರು. ಆಡಿದ ಮಾತು ಆಡಿಯಾಗಿತ್ತು. ತರದಿದ್ದರೆ ಬೀಗರ ಮನೆಯಲ್ಲಿ ತಲೆ ತಗ್ಗಿಸಬೇಕಾದವಳು ನಾನೇ.

ಪಾಯಿಂಟ್ ಕೊಟ್ಟರೆ ನೇಕಾರ ಸೀರೆ ಕೊಡುವುದಿಲ್ಲ. ಅದಕ್ಕೆ ಮಗನಿಗೆ ಹೇಳಿದೆ: “ಈ ತಿಂಗಳ ಸಂತಿ ಪಾಯಿಂಟಿನ ಮ್ಯಾಲ ನಾ ತರ್ತೇನಿ. ಸಂತಿ ರೊಕ್ಕ ನನ್ನ ಕೈಯಾಗ ಕೊಡು.”

“ಮದ್ಲ ಸಾಮಾನ ಬರ್ಲಿ,” ಎಂದ.

ಚೀಲ ತುಂಬಿಕೊಂಡು ಬಿಲ್ ಮಾಡುವ ಹುಡುಗಿಯ ಮುಂದೆ ನಿಂತೆ. “ಯಾರ ಹೆಸರಿನ್ಯಾಗ ಐತ್ರಿ ಅಜ್ಜಿ? ಹೆಸರು ಹೇಳಿದ್ರ ಬಿಲ್ಲಿನ್ಯಾಗ ಪಾಯಿಂಟ್ ಮುರಕೋತೇನ್ರಿ.”

“ನಮ್ಮ ಮನಿಯವರದು.”

“ಅವರ ಹೆಸರ್ರಿ?”

“ಗಂಡನ ಹೆಸರು ಹಂಗ ಹೇಳೂದಿಲ್ಲವ್ವಾ.”

“ಹೇಳ್ಲಿಲ್ಲಂದ್ರ ಬರೂದಿಲ್ರಿ.”

ಹಿಂದೆ ಪಾಳಿಯಲ್ಲಿದ್ದವನೊಬ್ಬ ಕೂಗಿದ: “ಒಡಪು ಹಾಕಿ ಹೇಳ್ರಿ ಯವ್ವಾ, ನಮಗೂ ಹೊತ್ತಾತು!”

ಪ್ರಾಸ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿದರೆ ಅದು ಒಡಪು. ಮದುವೆ, ಕುಬಸದಲ್ಲಿ ನಮ್ಮ ಕಡೆ ಹೆಂಗಸರನ್ನು ಹಿಡಿದು ನಿಲ್ಲಿಸಿ ಹೇಳಿಸುತ್ತಾರೆ. ಕಿರಾಣಿ ಅಂಗಡಿಯಲ್ಲಿ ಯಾರೂ ಹೇಳಿಸಿರಲಿಕ್ಕಿಲ್ಲ. ಸೆರಗು ಸರಿಮಾಡಿಕೊಂಡು ಹೇಳಿದೆ: “ಸಕ್ಕರಿ, ಸಾಸಿವಿ, ಶೇಂಗಾದೆಣ್ಣಿ, ಪಾಯಿಂಟ್ ಕೂಡಿಸಿದಾಕಿ...” ಎಂದು ಅವರ ಹೆಸರು ಹೇಳಿ, “...ಅವರ ಹೇಂತಿ!” ಎಂದು ಮುಗಿಸಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಲ್ಲಿ ಅದಕ್ಕೆ ಪಾಯಿಂಟ್ ಇಲ್ಲ.

ಪಾಳಿಯವರು ಚಪ್ಪಾಳೆ ತಟ್ಟಿದರು. ಹುಡುಗಿ ನಗುತ್ತಲೇ ಬಿಲ್ ಕೊಟ್ಟಳು. ಕೊಡಬೇಕಾದದ್ದು ಏನೂ ಇರಲಿಲ್ಲ.

ಚೀಲಗಳನ್ನು ನೋಡಿದ ಮಗ ರೊಕ್ಕ ಎಣಿಸಿಕೊಟ್ಟ. ಮರುದಿನ ಬಸ್ಸು ಹತ್ತಿ, ಹುನಗುಂದ ದಾಟಿ ಇಳಕಲ್ಲಿಗೆ ಹೋದೆ. ನೇಕಾರರ ಮನೆಯಲ್ಲೇ ಕುಳಿತು, ಕೆಂಪು ಸೆರಗಿನ ಹಸಿರು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ಚೌಕಾಶಿ ಮಾಡಿ ತಂದೆ.

ಕುಬಸದ ದಿನ ಮೊಮ್ಮಗಳು ಅದನ್ನು ಉಟ್ಟು ಕುಳಿತಳು. ಬೀಗತಿ ಸೆರಗನ್ನು ಕೈಯಲ್ಲಿ ಹಿಡಿದು ನೋಡಿ, “ಮಗ್ಗದ್ದ ಐತಿ. ಯಾರು ತಂದ್ರಿ?” ಎಂದು ನನ್ನ ಮಗನನ್ನು ಕೇಳಿದಳು.

“ನಮ್ಮವ್ವರಿ,” ಎಂದ. “ಆಕಿ ಸ್ವಂತ ಗಳಿಕಿ.”

ಗಳಿಕೆ ಎಂಬ ಮಾತನ್ನು ನನಗೆ ಹಚ್ಚಿ ನಮ್ಮ ಮನೆಯಲ್ಲಿ ಯಾರೂ ಆಡಿದ್ದಿಲ್ಲ. ಇನ್ನೊಂದು ಹೋಳಿಗೆ ಹಾಕಿಸಿಕೊಂಡು ಉಂಡೆ.