ಮಾನಸಿಗೆ ಕ್ಲೇಮ್ ಇಲ್ಲ, ಮಹಾದೇವಿಗೆ ಇದೆ

ಹೋದ ತಿಂಗಳು ನನ್ನ ಹೊಟ್ಟೆ ಕೊಯ್ದು ಅಪೆಂಡಿಕ್ಸ್ ತೆಗೆದರು. ಇದರಲ್ಲಿ ಹೆಮ್ಮೆ ಪಡೋದೇನಿದೆ ಅಂತೀರಾ? ಇದೆ. ಭಾಳ ಇದೆ. ಈ ವಾರ ನನ್ನ ಬೆನ್ನು ನಾನೇ ತಟ್ಟಿಕೊಳ್ಳುವವಳು. ಸ್ವಲ್ಪ ಸಹಿಸಿಕೊಳ್ಳಿ.

ಕತೆ ಶುರುವಾಗೋದು ಆಸ್ಪತ್ರೆಯಲ್ಲಲ್ಲ, ನನ್ನ ಮದುವೆಯಲ್ಲಿ.

ನಾನು ಇಂಡಿ ತಾಲೂಕಿನವಳು. ಅಪ್ಪ ಇಟ್ಟ ಹೆಸರು ಮಹಾದೇವಿ. ಗಂಡನ ಮನೆಯವರೂ ಕನ್ನಡದವರೇ. ಆದರೆ ಪುಣೆಗೆ ಬಂದು ಬಿಬವೇವಾಡಿಯಲ್ಲಿ ನೆಲೆನಿಂತು ಎಷ್ಟೋ ವರ್ಷವಾಗಿ, ಇಲ್ಲಿನ ರೀತಿ ರಿವಾಜೆಲ್ಲ ಮೈಗೂಡಿದೆ. ಮದುವೆ ದಿನ ತಾಟಿನಲ್ಲಿ ಅಕ್ಕಿ ಹರವಿ, ಗಂಡಿನ ಕೈಗೆ ಉಂಗುರ ಕೊಟ್ಟು, ಅದರಿಂದ ಹೆಂಡತಿಯ ಹೊಸ ಹೆಸರು ಬರೆಸುವುದು ಇಲ್ಲಿನ ಪದ್ಧತಿ. ಅಡ್ಡಹೆಸರಲ್ಲ ರೀ, ಹೆಸರೇ! ನಮ್ಮತ್ತೆ ಮೊದಲೇ ಆರಿಸಿಟ್ಟಿದ್ದ ಹೆಸರನ್ನು ಇವರು ಅಕ್ಕಿಯಲ್ಲಿ ಬರೆದರು. ಮಾನಸಿ.

ಹೀಗೆ ಮಹಾದೇವಿಯಾಗಿ ಹಸೆಮಣೆ ಏರಿದವಳು ಮಾನಸಿಯಾಗಿ ಕೆಳಗಿಳಿದೆ. ನೆಂಟರಿಗೆ, ನೆರೆಹೊರೆಗೆ, ಹಾಲಿನವನಿಗೆ, ಎಲ್ಲರಿಗೂ ನಾನು ಮಾನಸಿ. ಆಧಾರ್ ಕಾರ್ಡಿಗೆ ಮಾತ್ರ ಮಹಾದೇವಿ. ಅದನ್ನೂ ಬದಲಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ನನಗೂ ಬೇಕಿರಲಿಲ್ಲ ಬಿಡಿ.

ಹಿಂಜವಾಡಿಯ ಒಂದು ಕಂಪನಿಯಲ್ಲಿ ನನಗೆ ಟೆಸ್ಟಿಂಗ್ ಕೆಲಸವಿತ್ತು. ಅಂದರೆ ಬೇರೆಯವರು ಮಾಡಿದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕೋದು. (ನಮ್ಮವರ ಪ್ರಕಾರ ಆ ಕೆಲಸಕ್ಕೆ ನನಗೆ ಟ್ರೇನಿಂಗೇ ಬೇಕಿರಲಿಲ್ಲ.) ಹೋದ ವರ್ಷ ಅದನ್ನು ಬಿಟ್ಟೆ. ಮನೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರೋದು ಚೆನ್ನಾಗಿ ನಡೆದಿತ್ತು. ಅದಕ್ಕೊಂದು ಸ್ವಂತ ಅಂಗಡಿ ಆಗಬೇಕು ಅನ್ನೋ ಆಸೆ. ಮಾರ್ಕೆಟ್ಟಿನ ಹತ್ತಿರ ಒಂದು ಮಳಿಗೆಯನ್ನೂ ನೋಡಿದ್ದೆ. ಅದರ ಡಿಪಾಸಿಟ್ಟಿಗೆ ಅಂತ ಸಂಬಳದಲ್ಲಿ ಉಳಿಸಿದ್ದ ದುಡ್ಡು ಬ್ಯಾಂಕಿನಲ್ಲಿತ್ತು. ನನ್ನದು ಅಂತ ಇದ್ದದ್ದು ಅದೊಂದೇ.

ಕೆಲಸ ಬಿಟ್ಟ ದಿನ ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ಐಡಿ ಕಾರ್ಡ್ ವಾಪಸ್, ಲ್ಯಾಪ್‌ಟಾಪ್ ವಾಪಸ್. ಅವುಗಳ ಜೊತೆ ಇನ್ನೊಂದೂ ವಾಪಸ್ ಹೋಗುತ್ತೆ, ಅದನ್ನು ಯಾರೂ ಬಾಯಿ ಬಿಟ್ಟು ಹೇಳಲ್ಲ. ಕಂಪನಿಯ ಹೆಲ್ತ್ ಇನ್ಶೂರೆನ್ಸ್! "ನಮಗೆ ಕಂಪನಿ ಕೊಡುತ್ತೆ" ಅಂತ ಆರಾಮಾಗಿರೋ ಎಷ್ಟು ಜನ, ಕೆಲಸ ಹೋದ ಮೇಲೆ ಏನು ಗತಿ ಅಂತ ಯೋಚಿಸ್ತಾರೆ? ನಾನು ಯೋಚಿಸಿದೆ. (ಬೆನ್ನು ತಟ್ಟಿಕೊಂಡೆ, ಗಮನಿಸಿ.)

ನನಗೂ ನಮ್ಮವರಿಗೂ ಸೇರಿಸಿ ಹೊಸ ಪಾಲಿಸಿ ಮಾಡಿಸೋಣ ಅಂದೆ. ನಮ್ಮಲ್ಲಿ ಪಾಲಿಸಿಗೆ ಹುಡುಕಾಡಬೇಕಿಲ್ಲ, ನೆಂಟರಲ್ಲಿ ಒಬ್ಬ ಏಜೆಂಟ್ ಇದ್ದೇ ಇರ್ತಾನೆ. ನಮ್ಮ ಪಾಲಿಗೆ ಇವರ ಸೋದರಮಾವನ ಮಗ ಪ್ರಕಾಶ. ಒಳ್ಳೆಯವನು, ಅತ್ತಿಗೆಯಾದ ನನ್ನನ್ನು ಬಾಯಿತುಂಬ ವೈನಿ ಅಂತ ಕರೆಯೋನು. "ನೀವೇನ್ ಚಿಂತಿ ಮಾಡಬ್ಯಾಡ್ರಿ ವೈನಿ, ಎಲ್ಲಾ ನಾ ನೋಡ್ಕೋತೀನಿ" ಅಂದ. ನೋಡಿಕೊಂಡ. ಅತ್ತೆಗೆ ಫೋನ್ ಮಾಡಿ ನಮ್ಮಿಬ್ಬರ ಹೆಸರು, ವಯಸ್ಸು ಕೇಳಿ, ಫಾರ್ಮ್ ತುಂಬಿ ಕಳಿಸಿಯೂ ಬಿಟ್ಟ.

ಪಾಲಿಸಿ ಬಂತು. ನಮ್ಮವರು ಅದನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಕಪಾಟಿಗೆ ಸೇರಿಸಲು ಹೊರಟಿದ್ದರು. ನಾನು ಕಸಿದುಕೊಂಡು ಓದಿದೆ. ಪೂರ್ತಿ! ಯಾರು ಓದ್ತಾರೆ ಅದನ್ನ ಅಂತೀರಾ? ನಾನು ಓದ್ತೀನಿ. ಓದಿ ನೋಡಿ, ಬೇಡವಾದರೆ ವಾಪಸ್ ಕೊಡೋಕೂ ಕಂಪನಿಯವರು ಕೆಲವು ದಿನ ಬಿಟ್ಟಿರ್ತಾರೆ. ಆ ದಿನಗಳನ್ನು ನಾವು ಕುಂಕುಮ ಹಚ್ಚೋದ್ರಲ್ಲೇ ಕಳೀತೀವಿ.

ಹೆಂಡತಿಯ ಹೆಸರು: ಮಾನಸಿ. ಹಳೆಯ ಕಾಯಿಲೆ: ಇಲ್ಲ.

ಎರಡೂ ಸುಳ್ಳು. ಮಾನಸಿ ಅನ್ನೋಳು ಸರ್ಕಾರದ ಯಾವ ಕಾಗದದಲ್ಲೂ ಇನ್ನೂ ಹುಟ್ಟಿಲ್ಲ. ಇನ್ನು ನಾನೋ, ಥೈರಾಯ್ಡಿಗೆ ದಿನಾ ಬೆಳಿಗ್ಗೆ ಮಾತ್ರೆ ನುಂಗೋಳು.

ಪ್ರಕಾಶನಿಗೆ ಫೋನ್ ಹಚ್ಚಿದೆ. "ನಡೀತದ್ರಿ ವೈನಿ. ಥೈರಾಯ್ಡ್ ಬರದ್ರ ಸುಮ್ನ ಪ್ರೀಮಿಯಂ ಏರ್ತದ. ಹೆಸರಿಂದೇನ್ರಿ, ನೀವು ಮಾನಸಿ ಅಂತ ಎಲ್ಲಾರಿಗೂ ಗೊತ್ತದ."

"ಎಲ್ಲಾರಿಗೂ ಗೊತ್ತದ, ಕಂಪನಿಗೆ ಗೊತ್ತಿಲ್ಲಲ್ಲೋ ತಮ್ಮಾ!"

ನಡೀತದ. ಈ ಒಂದು ಮಾತು ನಮ್ಮ ಜನರ ಎಷ್ಟು ಗಂಟು ನುಂಗಿದೆಯೋ! ಪ್ರೀಮಿಯಂ ಕಟ್ಟುವಾಗ ಎಲ್ಲವೂ ನಡೆಯುತ್ತೆ. ಕ್ಲೇಮ್ ಮಾಡುವಾಗ ನೋಡಿ, ಒಂದೂ ನಡೆಯಲ್ಲ.

ಆದರೆ ನಿಜವಾದ ಜಗಳ ಆಗಿದ್ದು ಪ್ರಕಾಶನ ಜೊತೆ ಅಲ್ಲ, ಅಡುಗೆಮನೆಯಲ್ಲಿ. ಹೆಸರು ತಿದ್ದಿಸ್ತೀನಿ ಅಂದಿದ್ದೇ ತಡ, ಅತ್ತೆಯ ಮುಖ ಸಣ್ಣದಾಯಿತು.

"ನಾ ಇಟ್ಟ ಹೆಸರು ಬ್ಯಾಡಾತೇನ ನಿನಗ?"

"ಹಂಗಲ್ರಿ ಅತ್ತಿ, ಬರೀ ಕಾಗದಕ್ಕ..."

"ಇವತ್ತ ಕಾಗದಕ್ಕ ಅಂತಿ, ನಾಳಿಗೆ ಮನಿಯಾಗೂ ಬ್ಯಾಡ ಅಂತಿ. ಮಾಡ್ಕೋ, ನಿನಗ ತಿಳಿದಂಗ ಮಾಡ್ಕೋ."

ಆಮೇಲೆ ಕೆಲವು ದಿನ ಅತ್ತೆ ನನ್ನೊಡನೆ ಮಾತಾಡಿದ್ದು ಪಾತ್ರೆ ಕುಕ್ಕುವ ಸದ್ದಿನಲ್ಲೇ. "ಅವ್ವನ ಮನಸ್ಸ್ಯಾಕ ನೋಯಿಸ್ತಿ, ಬಿಟ್ಟ ಬಿಡು" ಅಂತ ನಮ್ಮವರು ಬೇರೆ. ನನಗೇನು ಕಲ್ಲುಮನಸ್ಸಾ? ಬೇಜಾರಾಯಿತು. ಅತ್ತೆ ಆ ಹೆಸರನ್ನು ಪ್ರೀತಿಯಿಂದಲೇ ಆರಿಸಿದ್ದು. ಆದರೆ ಪ್ರೀತಿ ಬೇರೆ, ಪಾಲಿಸಿ ಬೇರೆ. ಆಧಾರ್ ಪ್ರತಿ, ಥೈರಾಯ್ಡ್ ರಿಪೋರ್ಟ್ ಎರಡನ್ನೂ ಕಳಿಸಿ ತಿದ್ದಿಸಿದೆ. ಪ್ರೀಮಿಯಂ ಸ್ವಲ್ಪ ಏರಿತು. ಏರಲಿ! ಮಹಾದೇವಿ ಅಂತ ಹೆಸರಿದ್ದ ಇನ್ಶೂರೆನ್ಸ್ ಕಾರ್ಡ್ ಬಂತು, ಪರ್ಸಿನಲ್ಲಿಟ್ಟುಕೊಂಡೆ.

ತಿಂಗಳುಗಳು ಕಳೆದವು. ಒಂದು ಶನಿವಾರ ಮಟಮಟ ಮಧ್ಯಾಹ್ನ ರೊಟ್ಟಿ ಬಡಿಯುತ್ತ ಕೂತಿದ್ದೆ, ಹೊಟ್ಟೆಯ ಬಲಗಡೆ ಚುಚ್ಚಿದ ಹಾಗಾಯಿತು. ಅಜೀರ್ಣ ಅಂದುಕೊಂಡು ಅಜವಾನ ಅಗಿದೆ. ಸಂಜೆಯೊಳಗೆ ನೆಟ್ಟಗೆ ನಿಲ್ಲಲೂ ಆಗಲಿಲ್ಲ. ನಮ್ಮವರು ಕೆಲಸದ ಮೇಲೆ ದೌಂಡಿಗೆ ಹೋಗಿದ್ದರು. ಮಾವನನ್ನು ಮನೆಯಲ್ಲಿ ಬಿಟ್ಟು, ಅತ್ತೆಯೇ ನನ್ನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟರು. ಡಾಕ್ಟರ್ ನೋಡಿದರು, ಸ್ಕ್ಯಾನ್ ಮಾಡಿಸಿದರು. ಅಪೆಂಡಿಕ್ಸ್, ಇವತ್ತೇ ತೆಗೀಬೇಕು ಅಂದರು.

ಮುಂದಿನ ವಾರ ಮಳಿಗೆಯ ಮಾಲೀಕರಿಗೆ ಡಿಪಾಸಿಟ್ ಕೊಡೋದಿತ್ತು.

ಅತ್ತೆ ಮಗನಿಗೆ ಫೋನ್ ಮಾಡಿದರು. ಫೋನಿನಲ್ಲಿ ನಮ್ಮವರ ಗಾಬರಿ ದನಿ ನನಗೂ ಕೇಳಿಸಿತು. "ಕಾರ್ಡು ಗೀರ್ಡು ಅಂತ ಹೊತ್ತ ಕಳೀಬ್ಯಾಡ್ರಿ. ಅಂಗಡಿ ರೊಕ್ಕ ಅದಲ್ಲ, ಅದನ್ನ ಕಟ್ಟಿಬಿಡ್ರಿ. ಅಂಗಡಿ ಮುಂದ ನೋಡೂಣು."

ಅಂಗಡಿ ಮುಂದೆ ನೋಡೋಣವಂತೆ! ಆ ನೋವಿನಲ್ಲೂ ನನಗೆ ಸಿಟ್ಟು ನೆತ್ತಿಗೇರಿತು. ಮುಂದೆ ಅಂದರೆ ಯಾವಾಗ? ವ್ಹೀಲ್‌ಚೇರಿನಲ್ಲಿ ಮುದುಡಿ ಕೂತವಳೇ ಪರ್ಸನ್ನು ಅತ್ತೆಯ ಕೈಗಿಟ್ಟೆ. "ಕಾರ್ಡ್ ಕೊಡ್ರಿ ಅತ್ತಿ" ಅಂದೆ. ಅದಕ್ಕಿಂತ ಹೆಚ್ಚು ಮಾತು ಹೊರಡಲಿಲ್ಲ.

ಕೌಂಟರಿನ ಹುಡುಗಿ ಮರಾಠಿಯಲ್ಲಿ ಪೇಷಂಟ್ ಹೆಸರು ಕೇಳಿದಳು. ಅತ್ತೆ ರೂಢಿಯಂತೆ ಅಂದರು, "ಮಾನಸಿ."

ಹುಡುಗಿ ಕಾರ್ಡ್ ನೋಡಿದಳು. ನನ್ನನ್ನು ನೋಡಿದಳು. ಕಾರ್ಡಿನಲ್ಲಿ ಮಹಾದೇವಿ ಅಂತಿದೆ, ಇವರು ಮಾನಸಿ ಆದರೆ ಈ ಕಾರ್ಡ್ ನಡೆಯಲ್ಲ ಅಜ್ಜಿ, ಪೇಷಂಟ್ ಯಾರು ಅಂತ ಸರಿಯಾಗಿ ಹೇಳಿ ಅಂದಳು.

ಅತ್ತೆ ಮಹಾದೇವಿ ಅನ್ನೋ ಹೆಸರನ್ನು ಬಾಯಿಂದ ಆಡಿದ್ದನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಅವರು ನನ್ನ ಮುಖ ನೋಡಿದರು. ಸೆರಗು ಸರಿಮಾಡಿಕೊಂಡರು. ಆಮೇಲೆ ಅಲ್ಲಿ ಕೂತವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದರು:

"ಮಹಾದೇವೀಚ್ ಆಹೆ! ಮಾಝೀ ಸೂನ್ ಆಹೆ!"

ಮಹಾದೇವಿಯೇ, ನನ್ನ ಸೊಸೆ. ಅಷ್ಟಕ್ಕೇ ಬಿಡದೆ, ಪರ್ಸಿನಿಂದ ನನ್ನ ಆಧಾರ್ ಕಾರ್ಡನ್ನೂ ತೆಗೆದು ಆ ಹುಡುಗಿಯ ಮುಂದೆ ಹಿಡಿದರು. ಎರಡರಲ್ಲೂ ಒಂದೇ ಹೆಸರು. ಹುಡುಗಿ ತಲೆಯಾಡಿಸಿ ಕೆಲಸ ಶುರುಮಾಡಿದಳು. ನನಗೆ ಅಳು ಬಂತು. ಹೊಟ್ಟೆನೋವಿಗೆ ಅಂತ ಎಲ್ಲರೂ ತಿಳಿದರು.

ಇನ್ನೊಂದು ಗಂಡಾಂತರ ಬಾಕಿಯಿತ್ತು. ಮೊದಲಿನಿಂದ ಯಾವ ಮಾತ್ರೆ ತಗೊಳ್ತೀರಿ ಅಂತ ಡಾಕ್ಟರ್ ಕೇಳಿದಾಗ ಥೈರಾಯ್ಡಿಂದು ಅಂದಿದ್ದೆ. ಇನ್ಶೂರೆನ್ಸ್ ಕಂಪನಿಯವರು ಅದನ್ನೇ ಹಿಡಿದುಕೊಂಡು, ಪಾಲಿಸಿ ಮಾಡಿಸುವಾಗ ಇದನ್ನು ತಿಳಿಸಿದ್ದರಾ ಅಂತ ಕೆದಕಿದರು. ತಿಳಿಸಿಯಾಗಿತ್ತು. ಒಪ್ಪಿಗೆ ಬಂತು, ಆಪರೇಷನ್ ಆಯಿತು. ಗ್ಲೌಸು, ಅದು ಇದು ಅಂತ ಪಾಲಿಸಿಗೆ ಸೇರದ ಚಿಲ್ಲರೆ ಬಿಲ್ಲಷ್ಟೇ ನಮ್ಮ ಕೈಯಿಂದ ಹೋಗಿದ್ದು. ಅಂಗಡಿಯ ದುಡ್ಡು ಇದ್ದ ಜಾಗದಲ್ಲೇ ಇತ್ತು.

ನೋಡಲು ಬಂದವರೆಲ್ಲ ನನ್ನ ಆರೋಗ್ಯ ಕೇಳುತ್ತಿದ್ದರೆ, ಅತ್ತೆಯ ವರದಿಯೇ ಬೇರೆ. "ನಮ್ಮ ಮಹಾದೇವಿ ಪಾಲಿಸಿ ಓದ್ಯಾಳ್ರಿ. ಪೂರ್ತಿ ಓದ್ಯಾಳ!" ಮೆಟ್ರಿಕ್ಕಿನಲ್ಲಿ ಫಸ್ಟ್ ಕ್ಲಾಸ್ ಬಂದಾಗ ನಮ್ಮಪ್ಪ ಕೂಡ ಊರ ತುಂಬ ಇಷ್ಟು ಸಾರಿರಲಿಲ್ಲ. ನಾನು ಕಣ್ಣುಮುಚ್ಚಿ ಮಲಗಿದಂತೆ ನಟಿಸುತ್ತ ಒಂದೊಂದು ಅಕ್ಷರವನ್ನೂ ಕೇಳಿಸಿಕೊಂಡೆ.

ಹೊಲಿಗೆ ಬಿಚ್ಚುವ ಮೊದಲೇ ನಮ್ಮವರು ಡಿಪಾಸಿಟ್ ಕೊಟ್ಟು, ಮಳಿಗೆಯ ಬೀಗದಕೈ ತಂದು ನನ್ನ ಕೈಗಿಟ್ಟರು.

ಅವತ್ತೇ ಅತ್ತೆ ನನ್ನ ಮಂಚದ ಹತ್ತಿರ ಬಂದು ಕೂತರು. "ಒಂದ ಮಾತ ಕೇಳ್ಲ್ಯಾ? ನಿಮ್ಮ ಮಾವನ ಜೀವವಿಮಾ ಪಾಲಿಸಿಯಾಗ ನಾಮಿನಿ ಅಂತ ನನ್ನ ಹೆಸರದ. ನಿರ್ಮಲಾ ಅಂತ."

"ಹೌದ್ರಿ. ಅದಕ್ಕೇನಾತು?"

"ನನ್ನ ಆಧಾರದಾಗ ಗುರುಬಸವ್ವ ಅಂತ ಅದ."

ಇಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದೇವೆ, ನನಗೆ ಗೊತ್ತೇ ಇರಲಿಲ್ಲ. ನಿರ್ಮಲಾ ಅಂತ ಇಟ್ಟವರು ಅವರ ಅತ್ತೆಯಂತೆ. "ಗುರುಬಸವ್ವ. ಚಂದ ಅದಲ್ಲ?" ಅಂತ ಚಿಕ್ಕ ಹುಡುಗಿಯ ಹಾಗೆ ಕೇಳಿದರು. ಭಾಳ ಚಂದ ಅದ ಅಂದೆ. ನಿಜವಾಗಿಯೂ ಚಂದ ಇದೆ.

ಪಡಸಾಲೆಯಿಂದ ಮಾವ ಗೊಣಗಿದರು. "ಈ ವಯಸ್ಸಿನಾಗ ಅದೆಲ್ಲಾ ಯಾಕ? ನಾ ಇನ್ನೂ ಗಟ್ಟಿಮುಟ್ಟ ಅದೀನಿ."

"ಗಟ್ಟಿ ಇದ್ದಾಗ ತಿದ್ದಸ್ರಿ," ಅತ್ತೆ ಇಲ್ಲಿಂದಲೇ ಗದರಿದರು. "ಆಮ್ಯಾಲ ಸಹಿ ಮಾಡೂದಕ್ಕ ನೀವ ಬರ್ತೀರೇನು?"

ನಿಮ್ಮ ಮನೆಯ ಪಾಲಿಸಿಯಲ್ಲಿರುವ ಹೆಂಗಸು ನಿಜಕ್ಕೂ ನಿಮ್ಮ ಮನೆಯಲ್ಲಿದ್ದಾಳಾ, ನೋಡಿದ್ದೀರಾ?