ಹತ್ತಿ ಕೆಮ್ಮು

ಆಗಿನ ದಿನಗಳಲ್ಲಿ ಅಪ್ಪನ ಕಮಾನು ಟುಂಯ್ ಟುಂಯ್ ಎಂದು ಸದ್ದು ಮಾಡತೊಡಗಿತೆಂದರೆ ಭಾಲ್ಕಿಯ ನಮ್ಮ ಓಣಿಗೆ ಬೇಸಿಗೆ ಕಾಲಿಟ್ಟಿತು ಎಂದೇ ಅರ್ಥ. ನಾವು ಪಿಂಜಾರರು. ಹಳೆಯ ಗಾದಿ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ ಹಗುರ ಮಾಡಿ, ಮತ್ತೆ ತುಂಬಿ ಹೊಲಿದುಕೊಡುವುದು ನಮ್ಮ ಮನೆತನದ ಕೆಲಸ. ಆಳೆತ್ತರದ ಕಟ್ಟಿಗೆಯ ಕಮಾನು, ಅದಕ್ಕೆ ಬಿಗಿದ ಕುರಿಗರುಳಿನ ತಂತಿ. ತಂತಿಯನ್ನು ಹತ್ತಿಯ ಗುಡ್ಡೆಯೊಳಗೆ ಇಳಿಬಿಟ್ಟು ಬಡಿಗೆಯಿಂದ ಮೀಟಿದರೆ ಹತ್ತಿ ಎಳೆಎಳೆಯಾಗಿ ಮೇಲೆದ್ದು ಬೀಳುತ್ತಿತ್ತು. ಬೀದರಿಗೆ ಆಗಲೇ ಹತ್ತಿ ಹಿಂಜುವ ಮಷಿನ್ನುಗಳು ಬಂದಿದ್ದವು. ಆದರೆ ಔರಾದ ಕಡೆಯ ಹಳ್ಳಿಗಳ ಮುದುಕಿಯರು, ಮಷಿನ್ನಿಗೆ ಹಾಕಿದರೆ ಹತ್ತಿ ಸತ್ತುಹೋಗುತ್ತದೆ ಎಂದು ನಂಬಿದ್ದರು. ಅವರ ಪುಣ್ಯದಿಂದ ನಮ್ಮ ಒಲೆ ಉರಿಯುತ್ತಿತ್ತು.

ನಮ್ಮ ಮನೆಯ ಮಾತು ಕನ್ನಡ. ನಮಾಜಿಗೆ ಹೋಗಿ ಬಂದು ಕನ್ನಡದಲ್ಲಿ ಜಗಳ ಆಡ್ತೀರಲ್ಲ ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು. ಅಪ್ಪ ನಕ್ಕುಬಿಡುತ್ತಿದ್ದ. ನಗುವಿನ ಹಿಂದೆಯೇ ಕೆಮ್ಮು ಬರುತ್ತಿತ್ತು.

ಆ ಕೆಮ್ಮಿನ ಬಗ್ಗೆ ಹೇಳಲೇಬೇಕು. ಹತ್ತಿಯ ಧೂಳು ಕುಡಿದು ಕುಡಿದು ಪಿಂಜಾರರಿಗೆ ಒಣ ಕೆಮ್ಮು ಅಂಟಿಕೊಳ್ಳುತ್ತದೆ. ಅಜ್ಜನಿಗೂ ಇತ್ತಂತೆ. ಅದಕ್ಕೆ ಮನೆಯಲ್ಲಿ ಹತ್ತಿ ಕೆಮ್ಮು ಎಂದು ಹೆಸರು. ಮದ್ದು ಬೆಲ್ಲ. ಅಪ್ಪನ ಅಂಗಿಯ ಕಿಸೆಯಲ್ಲಿ ಯಾವಾಗಲೂ ಕಾಗದದಲ್ಲಿ ಸುತ್ತಿದ ಬೆಲ್ಲದ ಚೂರು ಇರುತ್ತಿತ್ತು, ಅದಕ್ಕೆ ಅಂಟಿದ ಹತ್ತಿಯ ಎಳೆಯ ಸಮೇತ ನಾನು ಕದ್ದು ತಿನ್ನುತ್ತಿದ್ದೆ. ಸಂಜೆ ಓಣಿಯ ತುದಿಯಲ್ಲಿ ಆ ಕೆಮ್ಮು ಕೇಳಿದ ಕೂಡಲೇ ಅವ್ವ ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಅಪ್ಪ ಕೈಕಾಲು ತೊಳೆಯುವ ಹೊತ್ತಿಗೆ ಮೊದಲ ರೊಟ್ಟಿ ಉಬ್ಬಿರುತ್ತಿತ್ತು. ಊಟವಾದ ಮೇಲೆ ಅಪ್ಪ, ನಾನು ಇಬ್ಬರೂ ಎಳೆ ಊದುವ ಆಟ ಆಡುತ್ತಿದ್ದೆವು. ಒಂದು ಹತ್ತಿಯ ಎಳೆಯನ್ನು ಬಾಯಿಯಿಂದ ಊದಿ ಊದಿ ಗಾಳಿಯಲ್ಲೇ ಇಟ್ಟುಕೊಳ್ಳಬೇಕು. ಯಾರದು ಮೊದಲು ನೆಲಕ್ಕೆ ಬೀಳುತ್ತದೋ ಅವರು ಸೋತಂತೆ. ಕೆಮ್ಮುವ ಮನುಷ್ಯ, ಆದರೂ ಪ್ರತಿಸಲ ಅಪ್ಪನೇ ಗೆಲ್ಲುತ್ತಿದ್ದ. ಮಗಳೆಂದು ಬೇಕಂತಲೇ ಸೋಲುವ ಜಾತಿಯಲ್ಲ ಅವನು.

ಕರೋನಾದ ಎರಡನೇ ಬೇಸಿಗೆಯಲ್ಲಿ ನನಗೆ ಹದಿಮೂರು. ಮೊದಲನೇ ಬೇಸಿಗೆಯಲ್ಲಿ ಲಗ್ನಗಳೇ ಆಗಲಿಲ್ಲ, ಲಗ್ನದ ಗಾದಿಗಳೂ ಆಗಲಿಲ್ಲ. ಬೇಸಿಗೆಯ ದುಡಿಮೆಯ ಮೇಲೆಯೇ ವರ್ಷ ನೂಕುವ ನಾವು ಆ ವರ್ಷವನ್ನು ಹೇಗೆ ನೂಕಿದೆವೋ ದೇವರಿಗೇ ಗೊತ್ತು. ಈ ಸಲವೂ ಕೈತಪ್ಪಿದರೆ ಭಾಲ್ಕಿ ಬಿಟ್ಟು ಹೋಗುವುದೇ ಎಂದು ಅವ್ವ ಹೇಳಿಬಿಟ್ಟಿದ್ದಳು. ರಂಜಾನ್ ಶುರುವಾಗಿ ಎರಡು ಮೂರು ದಿನವಾಗಿತ್ತು. ಠಾಣಾ ಕುಶನೂರಿನಿಂದ ಫೋನು ಬಂತು. ಅಪ್ಪನಿಗೆ ಇಪ್ಪತ್ತು ವರ್ಷದಿಂದ ಕೆಲಸ ಕೊಡುತ್ತ ಬಂದ ಮನೆ, ಆ ಮನೆಯ ಆಯಿ ಮೊಮ್ಮಗಳ ಲಗ್ನಕ್ಕೆ ಎರಡು ಗಾದಿ, ನಾಲ್ಕು ತಲೆದಿಂಬು ಬೇಕೆಂದಿದ್ದಳು. ಸಾಲೆ ಇರಲಿಲ್ಲವಾದ್ದರಿಂದ ನಾನೂ ಹಳೆಯ ಮೊಪೆಡ್ಡಿನ ಹಿಂದೆ ಕಮಾನು ಹಿಡಿದು ಕುಳಿತೆ.

ಅಂಗಳದಲ್ಲಿ ಹಳೆಯ ಹತ್ತಿ ಸುರುವಿದಾಗ ಅದರಿಂದ ಕೊಬ್ಬರಿ ಎಣ್ಣೆ, ನುಸಿಗುಳಿಗೆ, ಕೂಸಿನ ಉಚ್ಚೆ ಎಲ್ಲವೂ ಸೇರಿದ ವಾಸನೆ ಬಂತು. ಅಪ್ಪ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೀಟತೊಡಗಿದ. ರೋಜಾ ಇದ್ದುದರಿಂದ ಬೆಲ್ಲ ಬಾಯಿಗೆ ಹಾಕುವಂತಿರಲಿಲ್ಲ, ನೀರೂ ಇಲ್ಲ. ತುಸು ಹೊತ್ತಿಗೆ ಕೆಮ್ಮು ಶುರುವಾಯಿತು. ಒಂದು ಸಲ ಹಿಡಿದದ್ದು ಬಿಡಲೇ ಇಲ್ಲ. ಆಯಿಯ ಮಗ ಮನೆಯೊಳಗಿಂದ ಮುಖಕ್ಕೆ ಟವೆಲ್ ಒತ್ತಿಕೊಂಡು ಓಡಿ ಬಂದ.

"ಏ ಮಹಬೂಬಸಾಬ, ನಿಲ್ಲಸ್ರಿ ನಿಲ್ಲಸ್ರಿ. ಏನಿದು ಕೆಮ್ಮು? ಮನ್ಯಾಗ ಲಗ್ನದ ಹುಡುಗಿ ಅದಾಳ."

ಅಪ್ಪ ಕೆಮ್ಮುತ್ತಲೇ ಕೈ ಅಲ್ಲಾಡಿಸಿದ. ನಾನೇ ಎದ್ದು ನಿಂತು ಹೇಳಿದೆ.

"ಅದು ಹತ್ತಿ ಕೆಮ್ಮರಿ ಮಾಮಾ. ಕರೋನಾ ಅಲ್ರಿ. ನಾ ಹುಟ್ಟಿದಾಗಿಂದ ಕೇಳ್ಕೋತ ಬಂದೀನ್ರಿ."

"ಯಾವ ಕೆಮ್ಮೋ ಯಾರಿಗೆ ಗೊತ್ತದ ತಂಗಿ. ನಾಳೆ ಊರ ಮಂದಿ ನಮ್ಮ ಬಾಗಲಿಗೆ ಮುಳ್ಳ ಬಡೀತಾರ. ಹೋಗ್ರಿ ಅಂದ್ರ ಹೋಗ್ರಿ."

ಅಷ್ಟರಲ್ಲಿ ಕಟ್ಟೆಯ ಮೇಲೆ ಜನ ಸೇರಿದ್ದರು. ನಿಮ್ಮ ಮಂದಿನೇ ಇದನ್ನು ಹಬ್ಬಿಸಿದ್ದು ಎಂದು ಯಾರೋ ಅಂದರು. ಅರ್ಧ ಹಿಂಜಿದ ಹತ್ತಿ ಅಂಗಳದಲ್ಲೇ ಉಳಿಯಿತು. ಕೆಲಸ ಅರ್ಧಕ್ಕೆ ಬಿಟ್ಟು ಏಳಬಾರದೆಂಬುದು ನಮ್ಮಲ್ಲಿ ದೊಡ್ಡ ನೇಮ. ಅಪ್ಪ ಆ ಹತ್ತಿಯನ್ನು ಕೈಯಿಂದ ಒಂದೆಡೆ ಕೂಡಿಸಿ, ಗಾಳಿಗೆ ಹಾರದಂತೆ ಗಾದಿಯ ಅರಿವೆ ಮುಚ್ಚಿ, ಅದರ ಮೇಲೆ ಕಲ್ಲು ಇಟ್ಟು ಎದ್ದ. ಆಯಿ ಎದ್ದು ಒಳಗೆ ಹೋದಳು. ಇಪ್ಪತ್ತು ವರ್ಷ ಆ ಕೆಮ್ಮು ಕೇಳಿದವಳು. ನಾವು ಮೊಪೆಡ್ ಏರುವಾಗ ಗೋಡೆಯ ಮೇಲೆ ಒಂದು ಜೋಳದ ಹಿಟ್ಟಿನ ಗಂಟು ಇಟ್ಟು ಹಿಂದಕ್ಕೆ ಸರಿದಳು.

ದಾರಿಯುದ್ದಕ್ಕೂ ಅಪ್ಪ ಒಂದೇ ಮಾತು ಹೇಳಿದ. "ಈ ಕೆಮ್ಮಿಗೆ ಕರೋನಾ ಅಂತ ಹೆಸರ ಬಿತ್ತಂದ್ರ ಮುಗೀತ ನೋಡು ರಜಿಯಾ. ಮುಂದ ಯಾವ ಹಳ್ಳಿನೂ ನನ್ನ ಒಳಗ ಬಿಡಂಗಿಲ್ಲ."

ಆ ಮಾತನ್ನು ನಾನು ಪಾಠದಂತೆ ಬಾಯಿಪಾಠ ಮಾಡಿಕೊಂಡೆ. ಅದೇ ನಾನು ಮಾಡಿದ ತಪ್ಪು.

ಆಮೇಲೆ ಎಲ್ಲವೂ ಮುಚ್ಚಿತು. ಬೆಳಿಗ್ಗೆ ಹತ್ತರವರೆಗೆ ಅಂಗಡಿ, ಆಮೇಲೆ ಪೊಲೀಸರ ಲಾಠಿ. ಕಮಾನು ಗೋಡೆಯ ಗೂಟಕ್ಕೆ ಏರಿತು. ಮನೆಯಲ್ಲಿ ರೇಷನ್ ಅಕ್ಕಿ, ಆಯಿ ಕೊಟ್ಟ ಹಿಟ್ಟು, ಖಾರದ ಪುಡಿ. ಅವ್ವ ಹಿಟ್ಟನ್ನು ಅಂಬಲಿ ಮಾಡಿ ನೀರು ಬೆರೆಸಿ ಬೆರೆಸಿ ಹೆಚ್ಚಿಸುತ್ತಿದ್ದಳು. ರಂಜಾನ್ ಇದ್ದದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಹಸಿವಿಗೆ ರೋಜಾ ಎಂಬ ಮರ್ಯಾದೆಯ ಹೆಸರು ಸಿಕ್ಕಿತು. ಸಂಜೆ ರೋಜಾ ಬಿಡಲು ಖರ್ಜೂರ ಎಲ್ಲಿಂದ ತರುವುದು? ಮೂವರಿಗೂ ಒಂದೊಂದು ಚೂರು ಬೆಲ್ಲ, ಮೇಲೆ ಕೊಡದ ನೀರು.

ಹೀಗೆ ಹದಿನೈದು ದಿನ ಕಳೆದಿರಬೇಕು. ಒಂದು ಸಂಜೆ ಅಪ್ಪ ಬೆಲ್ಲ ಬಾಯಿಗೆ ಹಾಕಿಕೊಂಡು ಮುಖ ಸಿಂಡರಿಸಿದ.

"ಏನ ಬೆಲ್ಲನಬೇ ಇದು? ಮಣ್ಣ ತಿಂದಂಗ ಅದ. ಅಂಗಡಿ ಕಾಶಿನಾಥ ಕಾಕಾ ಮೋಸ ಮಾಡ್ಯಾನ."

ನನ್ನ ಚೂರು ಸಿಹಿಯಾಗಿಯೇ ಇತ್ತು. ಆದರೆ ಅಪ್ಪನಿಗೆ ಒಳ್ಳೆಯ ತುಂಡು ಬರಲಿಲ್ಲವಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಮರುದಿನ ಬೆಳಿಗ್ಗೆ ಉಳಿದ ಬೆಲ್ಲ ಕಟ್ಟಿಕೊಂಡು ಅಂಗಡಿಗೆ ಹೋಗಿ ಕಟ್ಟೆಯ ಮೇಲೆ ಕುಕ್ಕಿದೆ.

"ಬಡವರು ಅಂತ ಸಪ್ಪನ ಬೆಲ್ಲ ಕೊಡ್ತೀರೇನ್ರಿ ಕಾಕಾ? ರೋಜಾ ಬಿಡೋ ಬಾಯಿಗೆ ಮಣ್ಣ ಹಾಕ್ತೀರೇನು?"

ಕಾಶಿನಾಥ ಕಾಕಾ ಮಾಸ್ಕ್ ಕೆಳಗಿಳಿಸಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. "ಜೇನ ಇದ್ದಂಗ ಅದಲ್ಲಬೇ. ನಿಮ್ಮಪ್ಪನ ಬಾಯೇ ಕೆಟ್ಟದ ನೋಡು, ಹೋಗು."

ನಾನು ಅಲ್ಲಿ ನಿಂತು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಕೊನೆಗೆ ಕಾಕಾ ಬೇಸತ್ತು ಬೇರೆ ಬೆಲ್ಲದ ಪೆಂಟಿಯಿಂದ ಒಂದು ತುಂಡು ಒಡೆದು ಕೊಟ್ಟ. ಗೆದ್ದ ಖುಷಿಯಲ್ಲಿ ಮನೆಗೆ ಓಡಿದೆ. ಸಂಜೆ ಅದೂ ಅಪ್ಪನಿಗೆ ಸಪ್ಪಗಿತ್ತು. "ನಡೀತದ ಬಿಡು," ಎಂದು ನುಂಗಿ, ಗೋಡೆಗೆ ಒರಗಿ ಕೆಮ್ಮಿದ. ಮೈ ಬಿಸಿ ಇತ್ತು. ಬೀದರ ಸೀಮೆಯ ಬಿಸಿಲಿಗೆ ಯಾರ ಮೈ ಬಿಸಿ ಇರುವುದಿಲ್ಲ ಎಂದು ಅವ್ವ ಅಂದಳು. ದಣಿವು ರೋಜಾದ್ದು ಎಂದುಕೊಂಡೆವು. ಪ್ರತಿಯೊಂದಕ್ಕೂ ನಮ್ಮ ಹತ್ತಿರ ಒಂದು ಉತ್ತರ ಇತ್ತು.

ಎರಡು ದಿನ ಬಿಟ್ಟು ಆಶಾ ಕಾರ್ಯಕರ್ತೆ ಸುಮಿತ್ರಕ್ಕ ಮನೆಮನೆ ಕೇಳುತ್ತ ಬಂದಳು. ಓಣಿಯ ಆ ತುದಿಯವಳು, ನನಗೆ ಸೂಜಿ ಹಾಕಿಸಲು ಎತ್ತಿಕೊಂಡು ಹೋದವಳು. ಬಾಗಿಲ ಹೊರಗೇ ನಿಂತು ವಹಿ ತೆಗೆದಳು. ಒಳಗೆ ಅಪ್ಪ ಕೌದಿಯನ್ನು ಬಾಯಿಗೆ ತುರುಕಿಕೊಂಡು ಕೆಮ್ಮು ತಡೆಯುತ್ತಿದ್ದ. ತಡೆಯಲಾಗಲಿಲ್ಲ.

"ಯಾರಬೇ ಕೆಮ್ಮವ್ರು? ಅಪ್ಪನೇನು? ಎಷ್ಟ ದಿನ ಆತು?"

ಅವ್ವ ನನ್ನ ಬೆನ್ನಿಗೆ ಕೈ ಹಚ್ಚಿದಳು. ನಾನು ಹೊಸ್ತಿಲಿಗೆ ಬಂದೆ. "ಹತ್ತಿ ಕೆಮ್ಮಕ್ಕಾ. ನಿಮಗ ಗೊತ್ತಿಲ್ಲೇನು? ಓಣಿಗೇ ಗೊತ್ತದ."

"ಅದು ಖರೆ ಖರೆ. ಆದ್ರೂ ನಾಳೆ ದವಾಖಾನಿಗೆ ಕರಕೊಂಡು ಬಾ, ಮೂಗಿನ್ಯಾಗ ಕಡ್ಡಿ ಹಾಕಿ ನೋಡ್ತಾರ. ಏನೂ ಆಗಂಗಿಲ್ಲ."

"ಹತ್ತಿ ಕೆಮ್ಮಿಗೆ ಯಾತಕ್ಕಕ್ಕಾ ಕಡ್ಡಿ? ನಾಳೆ ಮನಿಗೆ ಹಗ್ಗ ಕಟ್ತೀರಿ, ಹಳ್ಳ್ಯಾಗ ಯಾರೂ ಕೆಲಸ ಕೊಡಂಗಿಲ್ಲ. ಜ್ವರ ಇಲ್ಲ, ಏನಿಲ್ಲ. ನನ್ನಾಣಿ."

ಜ್ವರ ಇಲ್ಲ ಎಂದದ್ದು ಸುಳ್ಳು. ಹತ್ತಿ ಕೆಮ್ಮು ಎಂದದ್ದು ಸುಳ್ಳಲ್ಲ, ಅದನ್ನು ನಾನು ನಂಬಿದ್ದೆ. ಸುಮಿತ್ರಕ್ಕ ನನ್ನ ಮುಖವನ್ನೇ ನೋಡಿದಳು. ಬಿಸಿಲು ಸುಡುತ್ತಿತ್ತು, ಅವಳಿಗೆ ಇನ್ನೂ ಅರ್ಧ ಓಣಿ ಬಾಕಿ ಇತ್ತು. ಏನೋ ಬರೆದುಕೊಂಡು ಮುಂದಿನ ಮನೆಗೆ ಹೋದಳು. ಅಪ್ಪ ಒಳಗಿನಿಂದ ನನ್ನನ್ನು ಕರೆದು ತಲೆ ಸವರಿದ. ಬಾಳ ಶಾಣ್ಯಾಕಿ ಎಂದ.

ಅದಾದ ನಾಲ್ಕನೇ ದಿನ ಮಧ್ಯಾಹ್ನ ಅಪ್ಪನಿಗೆ ಎದ್ದು ಕೂರುವುದಾಗಲಿಲ್ಲ. ಮಾತು ತುಂಡುತುಂಡಾಗಿ ಬರುತ್ತಿತ್ತು. ನನಗೆ ಹೆದರಿಕೆಯಾಗಿ, ಏನು ಮಾಡುವುದೆಂದು ತಿಳಿಯದೆ, ನನ್ನ ತಲೆದಿಂಬಿನ ಹೊಲಿಗೆ ಕಿತ್ತು ಒಂದು ಎಳೆ ತೆಗೆದು ಅಪ್ಪನ ಮುಖದ ಮುಂದೆ ಹಿಡಿದೆ. "ಊದಪ್ಪಾ, ಆಟ ಆಡೂಣು." ಅಪ್ಪ ನಗಲು ನೋಡಿದ. ಬಾಯಿ ಮುಂದೆ ಮಾಡಿ ಊದಿದ. ಎಳೆ ಅಲ್ಲಾಡಲಿಲ್ಲ. ಕೈ ಬಿಟ್ಟೆ, ಅದು ಅವನ ಗಡ್ಡದ ಮೇಲೆ ಬಿದ್ದು ಅಲ್ಲೇ ಕುಳಿತಿತು. ಆಗ ಅವ್ವ ಚೀರಿದಳು.

ಪಕ್ಕದ ಮನೆಯವರ ಆಟೋದಲ್ಲಿ ಬೀದರಿಗೆ ಹೋದೆವು. ದವಾಖಾನೆಯಲ್ಲಿ ಅಪ್ಪನ ಬೆರಳಿಗೆ ಚಿಮಟಿಗೆಯಂಥದ್ದು ಹಾಕಿ ನೋಡಿದ ಡಾಕ್ಟರು, "ಎಷ್ಟು ದಿನದಿಂದ ಕೆಮ್ಮು ಅದ?" ಎಂದು ಕೇಳಿದರು.

"ನನ್ನ ಲಗ್ನ ಆದಾಗಿಂದ ಅದರಿ," ಎಂದಳು ಅವ್ವ.

ಡಾಕ್ಟರು ತಲೆಯೆತ್ತಿ ಅವ್ವನನ್ನು ನೋಡಿದರು. ಅವಳು ಚೇಷ್ಟೆ ಮಾಡುತ್ತಿಲ್ಲ ಎಂದು ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬೈಯಲಿಲ್ಲ. ಬಹಳ ತಡ ಮಾಡೀರಿ ಎಂದಷ್ಟೇ ಹೇಳಿ ಅಪ್ಪನನ್ನು ಒಳಗೆ ಕರೆದೊಯ್ದರು. ಮೂರನೇ ದಿನ ಹಗಲು ಹನ್ನೆರಡಕ್ಕೆ ಅಪ್ಪ ಹೋದ. ದೂರದಿಂದ ಮುಖ ತೋರಿಸಿದರು. ಭಾಲ್ಕಿಯಲ್ಲಿ ಯಾರ ಮನೆಯಲ್ಲಿ ಮಯ್ಯತ್ ಆದರೂ ಹೆಣಕ್ಕೆ ಹೊದಿಸುವ ಕಫನಿಗೆ ಬೇಕಾದ ಹತ್ತಿಯನ್ನು ಹೊಸದಾಗಿ ಹಿಂಜಿ ಕೊಡುತ್ತಿದ್ದವನು ಅಪ್ಪ, ಅದಕ್ಕೆ ಎಂದೂ ಕೈಚಾಚಿದವನಲ್ಲ. ಅವನಿಗೆ ಒಂದು ಎಳೆ ಹತ್ತಿಯೂ ಸಿಗಲಿಲ್ಲ. ಬಿಳಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗುರುತಿಲ್ಲದವರು ನಾಲ್ವರು ಬೀದರಿನ ಮಣ್ಣಿಗೇ ಇಳಿಸಿದರು.

ಯಾರೂ ಒಳಹೊರಗೆ ಓಡಾಡದಂತೆ ನಮ್ಮ ಬಾಗಿಲಿಗೆ ಹಗ್ಗ ಬಿತ್ತು. ಅಪ್ಪ ಯಾವುದಕ್ಕೆ ಅಂಜಿದ್ದನೋ ಅದೇ ಹಗ್ಗ. ಈದ್ ಬಂದು ಹೋದದ್ದು ಮಸೀದಿಯ ಮೈಕಿನಿಂದ ತಿಳಿಯಿತು. ಮಾಡಲು ಕೆಲಸವಿಲ್ಲದೆ ಗೋಡೆ ನೋಡುತ್ತ ಕುಳಿತಿದ್ದಾಗ ಗೂಟಕ್ಕೆ ತೂಗಿದ ಕಮಾನು ಕಣ್ಣಿಗೆ ಬಿತ್ತು. ತಂತಿಗೂ ಕಟ್ಟಿಗೆಗೂ ನಡುವೆ ಜೇಡ ದಟ್ಟವಾಗಿ ಬಲೆ ನೇಯ್ದಿತ್ತು. ಎಂದಿನಿಂದ ಮುಟ್ಟಿಲ್ಲ ಎಂದು ಬೆರಳು ಮಡಚಿದೆ. ಠಾಣಾ ಕುಶನೂರಿನಿಂದ ಬಂದ ಮೇಲೆ ಅಪ್ಪ ಒಂದು ಹಿಡಿ ಹತ್ತಿಯನ್ನೂ ಹಿಂಜಿರಲಿಲ್ಲ. ಧೂಳೇ ಇಲ್ಲದ ಮನೆಯಲ್ಲಿ ಹತ್ತಿ ಕೆಮ್ಮು ಎಲ್ಲಿಂದ ಬಂತು? ಕೆಲಸ ಇಲ್ಲದ ಮಳೆಗಾಲದಲ್ಲಿ ಆ ಕೆಮ್ಮು ತಾನಾಗಿಯೇ ತಗ್ಗುತ್ತಿತ್ತು ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಊರಿನವರಿಗೆಲ್ಲ ಕೆಮ್ಮು ಕೇಳಿಸಿದರೆ ಕರೋನಾ ಕಾಣುತ್ತಿತ್ತು. ನಮಗೆ ಮಾತ್ರ ಹತ್ತಿ ಕಂಡಿತು.

ಹಗ್ಗ ಬಿಚ್ಚಿದ ದಿನ ಸುಮಿತ್ರಕ್ಕ ಬಂದಳು. ನಾನು ಅಳುತ್ತ, "ಜ್ವರ ಇಲ್ಲಂತ ನಾನೇ ಹೇಳಿದ್ದು ಅಕ್ಕಾ," ಎಂದೆ. ಅವಳು ವಹಿಯನ್ನು ಎದೆಗೆ ಒತ್ತಿಕೊಂಡು ನಿಂತಳು. "ಬರಕೊಂಡಾಕಿ ನಾ ಬೇ. ನೀ ಸಣ್ಣಾಕಿ," ಎಂದಳು. ಅದರಿಂದ ನನಗೂ ಸಮಾಧಾನ ಆಗಲಿಲ್ಲ, ಅವಳಿಗೂ ಆಗಿರಲಿಕ್ಕಿಲ್ಲ.

ಈಗ ನಾನು ದಿನಾ ಭಾಲ್ಕಿಯಿಂದ ಬಸ್ಸಿನಲ್ಲಿ ಹೋಗಿ ಬೀದರಿನ ಒಂದು ಅರಿವೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಪಕ್ಕದಲ್ಲೇ ಫೋಮಿನ ಗಾದಿಗಳ ಅಂಗಡಿ. ಅವನ್ನು ಯಾರೂ ಬಿಚ್ಚುವುದಿಲ್ಲ, ಹಿಂಜುವುದಿಲ್ಲ. ಠಾಣಾ ಕುಶನೂರಿನ ಆಯಿಯೂ ಇಲ್ಲ. ಓಣಿಯಲ್ಲಿ ಬೇಸಿಗೆ ಸದ್ದಿಲ್ಲದೆ ಬಂದು ಹೋಗುತ್ತದೆ. ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಈಗ ಒಬ್ಬರೂ ತಿರುಗಿ ನೋಡುವುದಿಲ್ಲ. ನಾನು ನೋಡುತ್ತೇನೆ. ಎಷ್ಟು ದಿನ ಆಯಿತೆಂದು ಕೇಳಬೇಕೆನಿಸುತ್ತದೆ.

ಕಾಶಿನಾಥ ಕಾಕಾನ ಅಂಗಡಿಯಿಂದ ಬೆಲ್ಲ ತಂದ ದಿನ ಅವ್ವ ಅದನ್ನು ಡಬ್ಬಿಗೆ ಹಾಕುವ ಮುಂಚೆ ಒಂದು ಚೂರು ಮುರಿದು ನನ್ನ ಬಾಯಿಗಿಡುತ್ತಾಳೆ. ಬೇಡವೆಂದರೂ ಬಿಡುವುದಿಲ್ಲ. ನಾನು ನುಂಗುವವರೆಗೆ ಎದುರಿಗೆ ನಿಂತು ನನ್ನ ಮುಖ ನೋಡುತ್ತಾಳೆ.

"ಸಿಹಿ ಅದನು?" ಎನ್ನುತ್ತಾಳೆ.

"ಅದ ಅವ್ವಾ," ಎನ್ನುತ್ತೇನೆ. ಆಮೇಲೆ ಡಬ್ಬಿಯ ಮುಚ್ಚಳ ಹಾಕುತ್ತಾಳೆ.