ಕಟ್ಟೆಯ ಮೇಲೆ ಮಲಗಿದ ಸರಕಾರ

ಕಾನ್ವೆಂಟಿನಲ್ಲಿ ಓದುವಾಗ ನಾನು ಲಿಬರ್ಟಿಯ ಮೇಲೆ ಒಂದು ಎಸ್ಸೇ ಬರೆದಿದ್ದೆ. ಸಿಸ್ಟರ್ ಅದನ್ನು ಇಡೀ ಕ್ಲಾಸಿನ ಎದುರು ನನ್ನಿಂದಲೇ ಓದಿಸಿ, ಕೊನೆಗೆ, "ವೆರಿ ಗುಡ್, ನೌ ಸಿಟ್ ಡೌನ್" ಎಂದಿದ್ದರು. ಕೂಡುವುದಕ್ಕೂ ಒಬ್ಬರ ಅಪ್ಪಣೆ ಬೇಕಲ್ಲ ಎಂದು ಆಗ ಹೊಳೆದಿರಲಿಲ್ಲ. ಹೊಳೆದದ್ದು ಎಂಬತ್ತರ ದಶಕದಲ್ಲಿ, ಬ್ಯಾಡಗಿಯ ಮನೆಗೆ ಸೊಸೆಯಾಗಿ ಬಂದ ಮೇಲೆ.

ಆ ಮನೆಯ ಮುಂದೆ ಶಹಾಬಾದಿ ಕಲ್ಲು ಹಾಸಿದ ಅಗಲವಾದ ಕಟ್ಟೆ ಇತ್ತು. ಸಂಜೆ ಅಲ್ಲಿ ಕೂತರೆ ಇಡೀ ಓಣಿ ಕಣ್ಣಿಗೆ ಬೀಳುತ್ತಿತ್ತು. ಮಾರ್ಕೆಟ್ಟಿನಿಂದ ಮರಳುವ ಚಕ್ಕಡಿಗಳು, ಜಗಳಾಡಿಕೊಂಡು ಬರುವ ಗಂಡ ಹೆಂಡತಿ, ಯಾರ ಮನೆಗೆ ಯಾವ ಬೀಗರು ಬಂದರು, ಎಲ್ಲವೂ. ಆದರೆ ಅಲ್ಲಿ ಕೂಡುವವರು ನಮ್ಮ ಅತ್ತೆ ಮತ್ತು ಅವರ ವಾರಗೆಯವರು ಮಾತ್ರ. ನಾನೂ, ಮನೆಯ ಇನ್ನೊಬ್ಬ ಸೊಸೆಯಾದ ನನ್ನ ನೆಗೆಣ್ಣಿಯೂ ಒಳಗೆ ಪಡಸಾಲೆಯಲ್ಲಿ.

"ಸೊಸ್ತೇರು ಕಟ್ಟೀಗೆ ಕುಂತ್ರ ಓಣಿ ಮಂದಿ ಏನಂದಾರು?" ಎನ್ನುತ್ತಿದ್ದರು ಅತ್ತೆ.

ಮೆಣಸಿನಕಾಯಿಯ ಸುಗ್ಗಿಯಲ್ಲಿ ಊರಿನ ಹೆಂಗಸರೆಲ್ಲ ಕಾಯಿಯ ತೊಟ್ಟು ಮುರಿಯುತ್ತ ಕೂಡುವುದು ವಾಡಿಕೆ. ತುಂಬು ಬಿಡಿಸುವುದು ಎನ್ನುತ್ತಾರೆ. ಅತ್ತೆಯ ಬಳಗ ಹೊರಗೆ ಬಿಡಿಸುತ್ತಿತ್ತು, ನಾವಿಬ್ಬರು ಒಳಗೆ. ಕಿಟಕಿಯಿಂದ ಅವರ ನಗು ಕೇಳುತ್ತಿತ್ತು, ಜೋಕು ಕೇಳುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಅನ್ಯಾಯ ನನಗೆ ಆಗ ಯಾವುದೂ ಕಂಡಿರಲಿಲ್ಲ. ನಮ್ಮವರು ದಿನಾ ಪ್ಯಾಸೆಂಜರ್ ರೈಲಿನಲ್ಲಿ ರಾಣೆಬೆನ್ನೂರಿನ ಆಫೀಸಿಗೆ ಹೋಗಿ ಬರುತ್ತಿದ್ದರು. ಅವರ ಮುಂದೆ ಕಂಪ್ಲೇಂಟ್ ಹೇಳಿದರೆ, "ಅದು ಅವ್ವನ ಡಿಪಾರ್ಟ್‌ಮೆಂಟು" ಎಂದು ನಕ್ಕು ಟವೆಲ್ ಹುಡುಕಲು ಹೋಗುತ್ತಿದ್ದರು.

ಅಂಥದೊಂದು ಸುಗ್ಗಿಯಲ್ಲಿ ಪುರಸಭೆಯವರು ಬಂದು ಓಣಿಯ ಉದ್ದಕ್ಕೂ ಎಲ್ಲರ ಕಟ್ಟೆಗಳ ಮೇಲೆ ಕೆಂಪು ಗೆರೆ ಎಳೆದು ಹೋದರು. ರಸ್ತೆ ಅಗಲ ಮಾಡಬೇಕಂತೆ, ವಾರದೊಳಗೆ ಕಟ್ಟೆ ಒಡೆಯುತ್ತಾರಂತೆ. ಅತ್ತೆ ಮೋಟೆಬೆನ್ನೂರಿನ ಮಗಳು, ಚಳವಳಿಗಾರರ ಊರು ಅದು. ಕರೆಂಟು ಹೋದರೂ ಅವರು ಸ್ವಾತಂತ್ರ್ಯ ಹೋರಾಟವನ್ನೇ ನೆನೆಯುತ್ತಿದ್ದರು. ಸೊಂಟದ ಮೇಲೆ ಕೈಯಿಟ್ಟು ಆ ಗೆರೆಯನ್ನು ನೋಡಿ, "ನಮ್ಮಪ್ಪ ಬ್ರಿಟಿಷರಿಗೇ ಅಂಜಲಿಲ್ಲ, ನಾ ಈ ಬಣ್ಣಕ್ಕ ಅಂಜತೇನೇನು?" ಎಂದರು.

ಅವರ ಉಪಾಯ ಸರಳವಾಗಿತ್ತು. ಹೆಂಗಸರು ಕೂತ ಕಟ್ಟೆಗೆ ಯಾರೂ ಹಾರೆ ಹಾಕುವುದಿಲ್ಲ. ಆದ್ದರಿಂದ ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಯಾರಾದರೂ ಕೂತೇ ಇರಬೇಕು. ಆದರೆ ಅವರಿಗೆ ಸ್ನಾನ ಇತ್ತು, ಪೂಜೆ ಇತ್ತು, ಮಧ್ಯಾಹ್ನದ ನಿದ್ದೆ ಇತ್ತು. ಓಣಿಯ ಆ ಕಡೆ ಈ ಕಡೆ ನೋಡಿ, ಕೊನೆಗೆ ನನ್ನನ್ನು ನೋಡಿದರು.

"ಏ, ನೀ ಕುಂದ್ರ ಇಲ್ಲೆ. ಯಾರರೆ ಬಂದ್ರ ಏಳಬ್ಯಾಡ."

ಅತ್ತೆಯ ಗೆಳತಿ, ಎದುರುಮನೆಯ ಖಾಲಾ ತಮ್ಮ ಕಟ್ಟೆಯಿಂದಲೇ ಕೂಗಿದರು: "ಏನವಾ, ಪಡಸಾಲಿಗೆ ರಾಜೀನಾಮಾ ಕೊಟ್ಟಿಯೇನು?"

"ಟೆಂಪರರಿ ಪೋಸ್ಟಿಂಗ್ ರೀ ಖಾಲಾ," ಎಂದೆ. ಅವರಿಗೆ ತಿಳಿಯಿತೋ ಇಲ್ಲವೋ, ನಕ್ಕರು. ಆ ಮಧ್ಯಾಹ್ನವೇ ಎರಡು ವರ್ಷದ ಬಾಕಿ ಜೋಕುಗಳನ್ನೆಲ್ಲ ಅವರಿಂದ ಹೇಳಿಸಿಕೊಂಡೆ. ಕೆಲವು ಕಾನ್ವೆಂಟಿಗೆ ತಕ್ಕವಾಗಿರಲಿಲ್ಲ.

ವಾರ ತುಂಬಿದ ದಿನ ಪುರಸಭೆಯ ಸಾಹೇಬರು ಬಂದರು. ಮೈಸೂರು ಕಡೆಯವರು, ಹೊಸಬರು, ಮೆತ್ತಗಿನ ಮಾತು. ಹಿಂದೆ ಹಾರೆ ಗುದ್ದಲಿ ಹೊತ್ತ ಕೆಲಸದವರು. ಅತ್ತೆಯೂ ನಾನೂ ಕಾಯಿಯ ರಾಶಿಯ ನಡುವೆ ಕೂತಿದ್ದೆವು.

"ಅಮ್ಮಾ, ಸ್ವಲ್ಪ ಏಳ್ತೀರಾ? ಹಾವೇರಿಯಲ್ಲೂ ಹೀಗೇ ತೆಗೀತಾ ಇದಾರೆ. ರೂಲ್ಸು."

"ಏಳ್ತೇವಿ ತಗೋರಿ. ಬಿಸಲಾಗ ಬಂದೀರಿ, ಮೊದ್ಲ ಚಹಾ ಕುಡೀರಿ."

"ಬೇಡಮ್ಮ, ಡ್ಯೂಟಿ ಮೇಲೆ ಇದೀನಿ."

"ಡ್ಯೂಟಿ ಮ್ಯಾಲೆ ಇದ್ದಾವ್ರಿಗೆ ನೀರಡಿಕಿ ಆಗೂದಿಲ್ಲೇನ್ರಿ? ಕುಂದ್ರಿ."

ಕೂಡಲು ಅಲ್ಲಿ ಇನ್ನೇನಿತ್ತು? ಅವರು ಕಟ್ಟೆಯ ಮೇಲೆಯೇ ಕೂತರು. ನೆಗೆಣ್ಣಿ ಚಹಾ ತರುವಷ್ಟರಲ್ಲಿ ಅತ್ತೆ ಒಂದು ಬೊಗಸೆ ಕಾಯಿ ಅವರ ಮುಂದೆ ಸುರುವಿದರು. ನಮ್ಮಲ್ಲಿ ಹಾಗೆಯೇ. ಸುಗ್ಗಿಯಲ್ಲಿ ಕಟ್ಟೆಗೆ ಬಂದವರು, ಲಗ್ನದ ಕಾರ್ಡು ಕೊಡಲು ಬಂದವರಾದರೂ, ನಾಲ್ಕು ಕಾಯಿಯ ತುಂಬು ಬಿಡಿಸದೆ ಏಳುತ್ತಿರಲಿಲ್ಲ.

"ಖಾಲಿ ಕೈಲೆ ಕುಂದ್ರೂ ಪದ್ಧತಿ ಇಲ್ರಿ ಇಲ್ಲೆ."

ಸಾಹೇಬರು ನಕ್ಕು ಒಂದು ಕಾಯಿ ಎತ್ತಿಕೊಂಡರು. "ತುಂಬಾ ಖಾರ ಇರುತ್ತಲ್ವಾ?"

"ಬ್ಯಾಡಗಿ ಕಾಯಿಗೆ ಎಲ್ಲೀ ಖಾರರಿ? ಬರೇ ಬಣ್ಣ!"

ಪರ ಊರಿನವರಿಗೆ ನಮ್ಮವರು ಹೆಮ್ಮೆಯಿಂದ ಹೇಳುವ ಮೊದಲ ಮಾತು ಅದು. ಸಾಹೇಬರು ಅದನ್ನು ಪೂರಾ ನಂಬಿದರು. ತೊಟ್ಟು ಮುರಿಯುತ್ತ ರಸ್ತೆಯ ಅಗಲ, ಜನರ ಅನುಕೂಲ ಎಲ್ಲ ವಿವರಿಸಿದರು. ಮಾತಿನ ಭರದಲ್ಲಿ ಬೆವರು ಇಳಿಯಿತು. ಅದೇ ಕೈಯಿಂದ ಕಣ್ಣು ಒರೆಸಿಕೊಂಡರು.

"ಅಯ್ಯಯ್ಯಪ್ಪೋ!"

"ಖಾರ ಇಲ್ಲ ಅಂದದ್ದು ಸಾರಿಗೆ ರೀ ಸಾಹೇಬ್ರ, ಕಣ್ಣಿಗಲ್ಲ!" ಎಂದು ಅತ್ತೆ ಗಾಬರಿಯಿಂದ ಎದ್ದರು. "ಏ ಹುಡುಗಿ, ಲಗೂನ ತಣ್ಣೀರು ತಾ, ತಣ್ಣನ ಹಾಲು ತಾ!"

ಕಣ್ಣು ತೊಳೆಸಿ, ಹಾಲಿನಲ್ಲಿ ಅದ್ದಿದ ಬಟ್ಟೆಯನ್ನು ಮೇಲಿಟ್ಟು, ಅವರನ್ನು ಕಟ್ಟೆಯ ಮೇಲೆ ಉದ್ದಕ್ಕೆ ಮಲಗಿಸಿದೆವು. ತಲೆಗೆ ನನ್ನ ಮದುವೆಯ ದಿಂಬು. ಕೆಲಸದವರು ಹಾರೆಗಳನ್ನು ಗೋಡೆಗೆ ಆನಿಸಿ, ಎದುರಿಗೆ ಖಾಲಾನ ಕಟ್ಟೆಯ ಮೇಲೆ ಕೂತು ತುಂಬು ಬಿಡಿಸತೊಡಗಿದರು. ಖಾಲಾ ಬಾಯಿಗೆ ಬೆರಳಿಟ್ಟು, "ಶ್! ಸರಕಾರ ಮಲಗೈತಿ, ಗದ್ದಲಾ ಮಾಡಬ್ಯಾಡ್ರಿ" ಎಂದು ದಾರಿಹೋಕರನ್ನೆಲ್ಲ ಸುಮ್ಮನಾಗಿಸುತ್ತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಬಟ್ಟೆಯ ಅಡಿಯಿಂದ ಸಣ್ಣ ದನಿ ಬಂತು: "ಇಲ್ಲಿ ತಂಪಾಗಿದೆ ಅಮ್ಮಾ."

"ಅದಕ್ಕ ಅಲ್ರೀ ಬಡದಾಡೂದು," ಎಂದರು ಅತ್ತೆ, ಬೀಸಣಿಗೆ ನಿಲ್ಲಿಸದೆ. "ನೋಡ್ರಿ ಸಾಹೇಬ್ರ. ರಸ್ತೆ ಊರಿಂದು, ಗಟಾರ ಊರಿಂದು. ಅಲ್ಲಿ ನೀವು ಹೇಳಿದ್ದೇ ಕಾಯ್ದೆ, ನಾವು ಇಲ್ಲ ಅನ್ನೂದಿಲ್ಲ. ಗಟಾರದ ಈಚಿ ನಮ್ಮ ಮನಿ. ನಮ್ಮ ಮನ್ಯಾಗ ನಾವು ಕುಂದ್ರಾಕ ಯಾರ ಅಪ್ಪಣಿ ಬೇಕ್ರಿ?"

ನನ್ನ ಎಸ್ಸೇಯಲ್ಲಿ ನಾಲ್ಕು ಪುಟ ಹಿಡಿದ ಮಾತು ಅದು.

ಸಾಹೇಬರು ಎದ್ದರು. ಕಣ್ಣು ಕಾಯಿಯ ಬಣ್ಣಕ್ಕೇ ತಿರುಗಿದ್ದವು. ಟೇಪು ತರಿಸಿ ತಾವೇ ಅಳೆದರು. ಗೆರೆ ಎಳೆದವರು ಅಳೆದಿರಲೇ ಇಲ್ಲ. ಕಟ್ಟೆ ಪೂರ್ತಿ ನಮ್ಮ ಜಾಗದಲ್ಲಿತ್ತು. ಹತ್ತಿ ಇಳಿಯಲು ಗಟಾರದ ಮೇಲೆ ಹಾಸಿದ ಚಪ್ಪಡಿ ಮಾತ್ರ ಆಚೆಗಿತ್ತು.

"ಕಟ್ಟೆ ಇರಲಿ. ಈ ಚಪ್ಪಡಿ ತೆಗೀಬೇಕಮ್ಮ, ನೀರು ನಿಲ್ಲುತ್ತೆ."

"ಖರೇ ಐತಿ, ತಗೀರಿ. ಗುಂಗಾಡ ಕಡಿಯೂದು ನಮಗ."

ಅಂದು ಓಣಿಯ ಎಲ್ಲ ಕಟ್ಟೆಗಳನ್ನೂ ಅಳೆದರು. ಖಾಲಾನ ಕಟ್ಟೆಯ ಒಂದು ಮೂಲೆ ಹೋಯಿತು. ಮುಂದೆ ಎಷ್ಟೋ ವರ್ಷ ಅವರು ಆ ಮೂಲೆಯನ್ನು ಸತ್ತ ಬೀಗಿತಿಯಂತೆ ನೆನೆಯುತ್ತಿದ್ದರು.

ಈಗ ಆ ಓಣಿಯಲ್ಲಿ ಕಟ್ಟೆಗಳೇ ಇಲ್ಲ. ಯಾವ ಸರಕಾರವೂ ಒಡೆಯಲಿಲ್ಲ. ಸ್ಕೂಟರ್ ನಿಲ್ಲಿಸಲು ಜಾಗ ಬೇಕೆಂದು ನಾವೇ ಒಂದೊಂದಾಗಿ ಒಡೆದೆವು. ಅದಿರಲಿ.

ಸಾಹೇಬರು ಬಂದು ಹೋದ ಮರುದಿನ ಸಂಜೆ ನಾನು ಎಂದಿನಂತೆ ರಾಶಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದೆ. ಅತ್ತೆ ನಿದ್ದೆ ಮುಗಿಸಿ ಬಂದು, "ಸಾಕವಾ, ಕಟ್ಟಿ ಉಳೀತು. ಇನ್ನ ಒಳಗ ನಡಿ" ಎಂದರು.

ಎದ್ದರೆ ಮತ್ತೆ ಪಡಸಾಲೆ, ಮತ್ತೆ ಅರ್ಧ ಜೋಕು. ತಲೆ ಎತ್ತದೆ ಒಂದು ತೊಟ್ಟು ಮುರಿದು, "ಅತ್ತಿ, ಗಟಾರದ ಈಚಿ ಕುಂದ್ರಾಕ ಯಾರ ಅಪ್ಪಣಿ ಬೇಕ್ರಿ?" ಎಂದೆ.

ಎದುರಿನಿಂದ ಖಾಲಾನ ನಗು ಸಿಡಿಯಿತು. "ತಗೋ! ನಿನ್ನ ಕಾಯ್ದೆ ನಿನಗ!"

ಅತ್ತೆ ನನ್ನನ್ನು ದಿಟ್ಟಿಸಿದರು. "ಕಾನ್ವೆಂಟಿನ್ಯಾಗ ಇದನ್ನ ಕಲಿಸ್ಯಾರೇನು?"

"ಇಲ್ರಿ. ಇದನ್ನ ನಿನ್ನೆ ಇಲ್ಲೇ ಕಲತೆ."

ಅವರ ಬಾಯಿಯ ಒಂದು ತುದಿ ಅಲ್ಲಾಡಿತು. ಸೀರೆ ಸರಿಮಾಡಿಕೊಂಡು ನನ್ನ ಪಕ್ಕ ಕೂತರು, ರಾಶಿಯಲ್ಲಿ ಅರ್ಧವನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಕಿಟಕಿಯತ್ತ ತಿರುಗಿ ನೆಗೆಣ್ಣಿಯನ್ನು ಕೂಗಿದರು:

"ಏ, ಒಬ್ಬಾಕೀನ ಅಲ್ಲೇನು ಮಾಡಾಕತ್ತಿ? ನೀನೂ ಬಾ. ಸರಕಾರನ ಇಲ್ಲೆ ಮಲಗಿ ಎದ್ದು ಹೋತು, ಇನ್ನ ಓಣಿ ಮಂದಿ ಏನಂದಾರು!"